ಹ್ಯಾಕಥಾನ್‌ಗೆ ಒಬ್ಬನೇ ಹೋದರೆ ಜನ ಸಿಗ್ತಾರಾ?

ಮೂಲೆಬೆಂಚು:
ಹೊರದೇಶಕ್ಕೆ ಬಂದು ಏಳು ತಿಂಗಳಾಯಿತು. ಕಂಪ್ಯೂಟರ್ ಸೈನ್ಸ್, ಮಾಸ್ಟರ್ಸ್. ಓದು ಹೇಗೋ ನಡೆಯುತ್ತಿದೆ, ಅದರ ಬಗ್ಗೆ ದೂರಿಲ್ಲ. ಕ್ಲಾಸಿನಲ್ಲಿ ನೂರಕ್ಕೂ ಜಾಸ್ತಿ ಜನ. ಹೆಸರು ಹಿಡಿದು ಮಾತಾಡಿಸುವಷ್ಟು ಪರಿಚಯ ಇರುವುದು ಇಬ್ಬರದು. ಅದರಲ್ಲಿ ಒಬ್ಬ ನನ್ನ ರೂಮ್‌ಮೇಟ್, ಅವನು ಹಗಲೆಲ್ಲ ಮಲಗಿರುತ್ತಾನೆ.

ಕಳೆದ ವಾರ ಸುಮ್ನೆ ಲೆಕ್ಕ ಹಾಕಿದೆ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನಾನು ಬಾಯಿಬಿಟ್ಟು ಆಡಿದ್ದು ಎರಡೇ ಮಾತು. ಬಾಗಿಲಲ್ಲಿ ಒಬ್ಬರಿಗೆ ಡಿಕ್ಕಿ ಹೊಡೆದು ‘ಸಾರಿ’ ಅಂದೆ. ಅವರೇ ಬಾಗಿಲು ಹಿಡಿದುಕೊಂಡರು, ‘ಥ್ಯಾಂಕ್ಸ್’ ಅಂದೆ. ಮುಗೀತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಮುಂದಿನ ಶನಿವಾರ, ಭಾನುವಾರ 36 ಗಂಟೆಯ ಹ್ಯಾಕಥಾನ್ ಇದೆ, ಅಂದರೆ ಟೀಮ್ ಕಟ್ಟಿಕೊಂಡು ಅಷ್ಟು ಹೊತ್ತಿನಲ್ಲಿ ಒಂದು ಪ್ರೋಗ್ರಾಮ್ ಅಥವಾ ಸಾಧನ ಮಾಡಿ ತೋರಿಸುವ ಸ್ಪರ್ಧೆ. ಟೀಮಿನಲ್ಲಿ ನಾಲ್ಕು ಜನ ಇರಬಹುದು. ನನಗೆ ಟೀಮೇ ಇಲ್ಲ. ಪೈಥಾನ್ ಬರುತ್ತೆ, ವೆಬ್‌ಸೈಟ್ ಮಾಡಿ ಗೊತ್ತಿಲ್ಲ. ಇಂಗ್ಲಿಷ್ ಬರೆಯುತ್ತೇನೆ, ಆದರೆ ಮಾತಾಡಿದರೆ ಎದುರಿನವರು ಎರಡು ಸಲ ‘ಏನಂದ್ರಿ?’ ಅಂತಾರೆ. ಮೂರನೇ ಸಲಕ್ಕೆ ನಾನೇ ‘ಬಿಡಿ, ಏನಿಲ್ಲ’ ಅಂದುಬಿಡುತ್ತೇನೆ. ಗೆಲ್ಲುವ ಆಸೆ ಇಲ್ಲ. ನಾಲ್ಕು ಜನರ ಪರಿಚಯ ಆದರೆ ಸಾಕು. ಹೋಗಿ ಬಂದವರು ಹೇಳಿ: ಅಲ್ಲಿ ನಿಜವಾಗಿ ಜನ ಸಿಗ್ತಾರಾ? ಇಲ್ಲ, ಒಂಟಿತನವನ್ನೇ ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡು ಬೇರೆ ಕಟ್ಟಡಕ್ಕೆ ಹೋದಂತಾಗುತ್ತಾ?

ನಿದ್ದೆಗೆಟ್ಟವನು:
ಹೋಗು ಮಾರಾಯ. ಹೋದರೆ ಒಂದು ವಾರಾಂತ್ಯ ಹೋಯಿತು. ಅದರಲ್ಲೂ ನೀನು ಆಡುವುದು ಎರಡೇ ಮಾತು.

ಸೆಮಿಕೋಲನ್ ಸುಬ್ಬಿ:
ಮೊದಲ ಸಲ ಹೋದಾಗ ನನ್ನದೂ ಇದೇ ಕಥೆ. ಉದ್ಘಾಟನೆ ಮುಗಿದ ಮೇಲೆ ಟೀಮ್ ಕಟ್ಟುವ ಸೆಷನ್ ಅಂತ ಇಡುತ್ತಾರೆ. ಒಬ್ಬೊಬ್ಬರೂ ಮೈಕ್ ಹಿಡಿದು ಐಡಿಯಾ ಹೇಳುತ್ತಾರೆ, ಇಷ್ಟವಾದವರ ಹಿಂದೆ ಹೋಗಿ ನಿಲ್ಲಬೇಕು. ನಾನು ಯಾರ ಹಿಂದೆಯೂ ನಿಲ್ಲಲಿಲ್ಲ. ಗೋಡೆಗೆ ಒರಗಿ ಫೋನ್ ನೋಡುವ ನಾಟಕ ಮಾಡಿದೆ. ಹತ್ತು ನಿಮಿಷ ಅದೇ ಲಾಕ್ ಸ್ಕ್ರೀನ್. ಕೊನೆಗೆ ಒಬ್ಬಳು ಬಂದು ‘ನಿನಗೆ ಎಸ್‌ಕ್ಯೂಎಲ್ ಬರುತ್ತಾ?’ ಅಂದಳು. ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಅದು. ಬರುತ್ತೆ ಅಂದೆ. ಅಷ್ಟೇ, ಟೀಮ್ ಆಯಿತು.

ಪಾರ್ಟಿಗೆ ಹೋದರೆ ಮಾತನ್ನು ನಾವೇ ಹುಟ್ಟಿಸಬೇಕು. ಇಲ್ಲಿ ಹಾಗಲ್ಲ, ಎದುರಿಗೆ ಕೆಟ್ಟು ಕೂತ ಕೋಡ್ ಇರುತ್ತೆ. ‘ಇದು ಯಾಕೆ 403 ಕೊಡ್ತಿದೆ?’ ಅಂತ (403 ಅಂದರೆ ಸರ್ವರ್ ‘ನಿನಗೆ ಅನುಮತಿ ಇಲ್ಲ’ ಅನ್ನುವುದು) ಕೇಳಿ ನೋಡಿ, ಮೂರು ಜನ ಕುರ್ಚಿ ಎಳೆದುಕೊಂಡು ಬರುತ್ತಾರೆ. ಉಚ್ಚಾರಣೆಯ ಭಯ ಬಿಡಿ. ಸ್ಕ್ರೀನ್ ಕಡೆ ಬೆರಳು ತೋರಿಸಿದರೆ ಅರ್ಧ ಮಾತು ಮುಗಿದಿರುತ್ತೆ. ಬೆಳಗಿನ ಜಾವ ಮೂರು ಗಂಟೆಗೆ ಇಂಗ್ಲಿಷ್‌ನಲ್ಲೇ ಹುಟ್ಟಿ ಬೆಳೆದವರ ವಾಕ್ಯವೂ ನೆಟ್ಟಗಿರುವುದಿಲ್ಲ.

ಹಳೇ ಕೀಬೋರ್ಡ್:
ಎಲ್ಲರೂ ಹೋಗು ಹೋಗು ಅಂತಿದ್ದೀರಿ. ನಾನು ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಏಳೆಂಟು ಹ್ಯಾಕಥಾನ್‌ಗೆ ಹೋಗಿದ್ದೇನೆ. ಪ್ರಾಯೋಜಕ ಕಂಪನಿಗಳು ಬರುವುದು ತಮ್ಮ ಎಪಿಐ (ಅವರ ಸೇವೆಯನ್ನು ನಮ್ಮ ಪ್ರೋಗ್ರಾಮಿನಿಂದ ಬಳಸುವ ದಾರಿ) ಬಳಸಲಿ, ಕೆಲಸಕ್ಕೆ ಹುಡುಗರು ಸಿಗಲಿ ಅಂತ. ‘ನಮ್ಮ ಎಪಿಐ ಬಳಸಿದ ಒಳ್ಳೆಯ ಪ್ರಾಜೆಕ್ಟ್’ ಅಂತ ಒಂದು ಬಹುಮಾನ ಇರುತ್ತಲ್ಲ, ಅದು ಜಾಹೀರಾತು. ಅದು ತಪ್ಪೂ ಅಲ್ಲ. ಆದರೆ ಅದನ್ನು ಸ್ನೇಹ, ಸಮುದಾಯ ಅಂತೆಲ್ಲ ಕರೆಯಬೇಡಿ. ಭಾನುವಾರ ಸಂಜೆ ಎಲ್ಲರೂ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಸೋಮವಾರ ಯಾರಿಗೆ ಯಾರೂ ಇಲ್ಲ. ನನ್ನ ಫೋನಿನಲ್ಲಿ ಹೀಗೆ ಸತ್ತ ಗ್ರೂಪ್‌ಗಳು ಆರು ಇವೆ. ಆರರಲ್ಲೂ ಕೊನೆಯ ಮೆಸೇಜ್ ಒಂದೇ: ‘ಮತ್ತೆ ಸಿಗೋಣ!’

ಅರ್ಧ ಬೈಟ್:
ತಮಾಷೆ ಏನಂದ್ರೆ ಗ್ರೂಪ್ ಚಾಟ್ ಆ್ಯಪ್ ಒಂದು ಹುಟ್ಟಿದ್ದೇ ಹ್ಯಾಕಥಾನ್‌ನಲ್ಲಿ. ಗ್ರೂಪ್‌ಮಿ, 2010, ಟೆಕ್‌ಕ್ರಂಚ್ ಡಿಸ್‌ರಪ್ಟ್ ಅನ್ನುವ ಸಮ್ಮೇಳನದ ಹ್ಯಾಕಥಾನ್. ಮರುವರ್ಷವೇ ಸ್ಕೈಪ್ ಅದನ್ನು ಕೊಂಡುಕೊಂಡಿತು. ನಿಮ್ಮ ಆರು ಗ್ರೂಪ್ ಸತ್ತಿದ್ದಕ್ಕೆ ಆ್ಯಪ್ ಕಾರಣ ಅಲ್ಲ ಸಾರ್.

ಹಳೇ ಕೀಬೋರ್ಡ್:
ಕಾರಣ ನಾನೇ ಅಂತೀರಾ?

ಅರ್ಧ ಬೈಟ್:
ನಾನು ಹಾಗೆ ಹೇಳಲಿಲ್ಲ. ನೀವೇ ಹೇಳಿಕೊಂಡಿರಿ :)

ಬಾಗಿಲ ಬಳಿ:
ಕೀಬೋರ್ಡ್ ಅವರೇ, ಕಂಪನಿ ನಡೆಸುವ ಹ್ಯಾಕಥಾನ್ ಬೇರೆ, ವಿದ್ಯಾರ್ಥಿಗಳು ನಡೆಸುವುದು ಬೇರೆ. ಪೆನ್‌ಆ್ಯಪ್ಸ್ ಅನ್ನುವ ಹ್ಯಾಕಥಾನ್ 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು ವಿದ್ಯಾರ್ಥಿಗಳ ಕೈಯಿಂದ. ಆಮೇಲೆ ಕಾಲೇಜು ಕಾಲೇಜಿಗೆ ಹಬ್ಬಿತು. 2013ರಲ್ಲಿ ಇಂಥವಕ್ಕೆ ನೆರವಾಗುವ ಮೇಜರ್ ಲೀಗ್ ಹ್ಯಾಕಿಂಗ್ ಸಂಸ್ಥೆ ಬಂತು, 2014ರಲ್ಲಿ ಕೆನಡಾದ ವಾಟರ್‌ಲೂನಲ್ಲಿ ಹ್ಯಾಕ್ ದಿ ನಾರ್ತ್. ಪ್ರಾಯೋಜಕರು ಇಲ್ಲೂ ಇರುತ್ತಾರೆ, ನಿಜ. ಆದರೆ ಕುರ್ಚಿ ಜೋಡಿಸುವವರು, ಎಕ್ಸ್‌ಟೆನ್ಷನ್ ಬೋರ್ಡ್ ಹುಡುಕುವವರು, ರಾತ್ರಿ ಕಸ ತುಂಬುವವರು ಎಲ್ಲ ವಿದ್ಯಾರ್ಥಿಗಳೇ. ಆ ಗುಂಪು ಸೋಮವಾರವೂ ಇರುತ್ತೆ.

ಮೂಲೆಬೆಂಚು, ನನ್ನ ಸಲಹೆ ಸ್ವಲ್ಪ ಬೇರೆ. ಈ ಸಲ ಸ್ಪರ್ಧೆಗೆ ಹೋಗಿ. ಮುಂದಿನ ಸಲ ಸ್ವಯಂಸೇವಕನಾಗಿ ಹೋಗಿ. ನಾನು ಮೊದಲ ವರ್ಷ ಹಾರ್ಡ್‌ವೇರ್ ಮೇಜಿನಲ್ಲಿ ಕೂತಿದ್ದೆ. ಗುರುತಿನ ಚೀಟಿ ಇಟ್ಟುಕೊಂಡು ಅಂಗೈಯಗಲದ ಕಂಪ್ಯೂಟರ್ ಬೋರ್ಡ್‌ಗಳಾದ ಆರ್ಡುಯಿನೊ, ರಾಸ್ಪ್‌ಬೆರಿ ಪೈ, ಸೆನ್ಸರ್ ಎರವಲು ಕೊಡುವ ಕೆಲಸ. ಏನೂ ಮಾತಾಡಬೇಕಿಲ್ಲ, ಎಲ್ಲರೂ ಅವರೇ ಬರುತ್ತಾರೆ. ವಸ್ತು ವಾಪಸ್ ಕೊಡುವಾಗ ಸುಟ್ಟಿದ್ದರೆ ಮುಖ ಸಣ್ಣ ಮಾಡಿಕೊಂಡು ಬಂದು ಇಡೀ ಕಥೆ ಹೇಳುತ್ತಾರೆ. ಎರಡನೇ ವರ್ಷ ಆಯೋಜಕರ ತಂಡ ಸೇರಿದೆ. ಪ್ರತಿ ವಾರ ಒಂದು ಮೀಟಿಂಗ್, ಎಂಟು ತಿಂಗಳು. ನನಗೆ ಆ ದೇಶದಲ್ಲಿ ಆದ ಸ್ನೇಹಿತರೆಲ್ಲ ಆ ಮೀಟಿಂಗ್‌ನವರು. 36 ಗಂಟೆಯಲ್ಲಿ ಆದವರು ಇಲ್ಲ.

ಹಳೇ ಕೀಬೋರ್ಡ್:
ನೋಡಿ, ಇದನ್ನೇ ನಾನೂ ಹೇಳಿದ್ದು. ಹ್ಯಾಕಥಾನ್ ಅಲ್ಲ, ವಾರ ವಾರ ಸೇರುವುದು ಮುಖ್ಯ.

ಬಾಗಿಲ ಬಳಿ:
ನೀವು ಹೇಳಿದ್ದು ‘ಯಾರಿಗೆ ಯಾರೂ ಇಲ್ಲ’ ಅಂತ ಸಾರ್. ಮೇಲೆ ಇದೆ, ಓದಿ.

ಕರ್ನಲ್ ಪ್ಯಾನಿಕ್:
ಒಂದು ಅಡ್ಡ ಮಾತು. ‘ಹ್ಯಾಕಥಾನ್’ ಅನ್ನುವ ಪದ ಎಲ್ಲಿಂದ ಬಂತು ಗೊತ್ತಾ? ಸನ್ ಮೈಕ್ರೋಸಿಸ್ಟಮ್ಸ್‌ನವರ ಜಾವಾಒನ್ ಸಮ್ಮೇಳನ, 1999. ಜಾನ್ ಗೇಜ್ ಅನ್ನುವವರು ಬಂದವರಿಗೆಲ್ಲ ಸವಾಲು ಹಾಕಿದರು: ಹೊಸ ಪಾಮ್ V ಅನ್ನುವ ಅಂಗೈ ಕಂಪ್ಯೂಟರ್‌ಗಳು ಇನ್‌ಫ್ರಾರೆಡ್ ಮೂಲಕ ಒಂದಕ್ಕೊಂದು ಮಾತಾಡುವಂಥ ಪ್ರೋಗ್ರಾಮ್ ಬರೆಯಿರಿ ಅಂತ.

ಪುಟ 404:
ಪೂರ್ತಿ ಸರಿ ಇಲ್ಲ ಗುರು. ಅದೇ 1999ರ ಜೂನ್, ಅದಕ್ಕಿಂತ ಕೆಲವೇ ದಿನ ಮೊದಲು ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್‌ನವರು ಸೇರಿದ್ದರು. ಹತ್ತು ಜನ ಡೆವಲಪರ್‌ಗಳು. ಅವರೂ ಅದೇ ಪದ ಬಳಸಿದರು. ಕ್ಯಾಲ್ಗರಿ ಯಾಕೆ ಅಂದರೆ, ಆಗ ಅಮೆರಿಕದಲ್ಲಿ ಗೂಢಲಿಪಿ ತಂತ್ರಾಂಶದ ರಫ್ತಿಗೆ ಕಾನೂನಿನ ತೊಡಕು ಇತ್ತು. ಕ್ರಿಪ್ಟೋಗ್ರಫಿ ಕೋಡ್‌ ಅನ್ನು ಗಡಿಯ ಆಚೆ ಕೂತು ಬರೆದರೆ ಆ ತೊಡಕಿಲ್ಲ.

ಅಂದರೆ ಈ ಪದ ಹುಟ್ಟಿದ ಕಾಲದಿಂದಲೂ ಗಡಿ, ಕಾನೂನು, ಬೇರೆ ದೇಶದಲ್ಲಿ ಸೇರುವ ಜನ, ಇವೆಲ್ಲ ಜೊತೆಗೇ ಇವೆ. ಆ ಯೋಜನೆ ಶುರು ಮಾಡಿದ ಥಿಯೋ ಡಿ ರಾಟ್ ಕೂಡ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಕೆನಡಾಕ್ಕೆ ಬಂದವರು.

ಕರ್ನಲ್ ಪ್ಯಾನಿಕ್:
ಸರಿ, ಕೆಲವೇ ದಿನದ ಅಂತರದಲ್ಲಿ ಸೋತೆ.

ನಿದ್ದೆಗೆಟ್ಟವನು:
‘ಹ್ಯಾಕ್’ ಅಂದರೆ ಕಳ್ಳತನ ಅಂತ ನಮ್ಮ ಮನೆಯವರು ಇವತ್ತಿಗೂ ನಂಬಿದ್ದಾರೆ. ಹ್ಯಾಕಥಾನ್‌ನಲ್ಲಿ ಗೆದ್ದೆ ಅಂತ ಫೋನ್ ಮಾಡಿದರೆ, ‘ಯಾರಿಗೂ ಹೇಳಬೇಡ’ ಅಂದರು.

ಮೂಲೆಬೆಂಚು:
ಹ್ಹಹ್ಹ. ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಅನುಮಾನ. ಅಕಸ್ಮಾತ್ ಬಹುಮಾನ ಬಂದರೆ ತಗೋಬಹುದಾ? ವಿದ್ಯಾರ್ಥಿ ವೀಸಾದವರು ಕೆಲಸ ಮಾಡುವುದಕ್ಕೆ ಮಿತಿ ಇದೆಯಲ್ಲ. ಇದೂ ಕೆಲಸ ಅಂತ ಹಿಡಿದರೆ?

ಲೂಪಿನೊಳಗೆ:
ಗೆಲ್ಲುವ ಆಸೆ ಇಲ್ಲ ಅಂದಿದ್ದೆ?

ಚಿಟ್ಟೆಬಲೆ:
ಕೇಳಲಿ ಬಿಡಿ, ಒಳ್ಳೆಯ ಪ್ರಶ್ನೆ.

ಸ್ಪರ್ಧೆಯಲ್ಲಿ ಗೆದ್ದ ಬಹುಮಾನವನ್ನು ಸಾಮಾನ್ಯವಾಗಿ ಸಂಬಳ ಅಂತ ನೋಡುವುದಿಲ್ಲ. ಆದರೆ ತೆರಿಗೆ ಬೇರೆ ವಿಷಯ. ಅಮೆರಿಕದಲ್ಲಿ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿದ್ದು, ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಿದ್ದರೆ, ಬಹುಮಾನದ ಹಣದಿಂದ ಸಾಮಾನ್ಯವಾಗಿ ಶೇ 30 ಹಿಡಿದುಕೊಳ್ಳುತ್ತಾರೆ. ಡಬ್ಲ್ಯು-8ಬಿಇಎನ್ ಅನ್ನುವ ತೆರಿಗೆ ಫಾರ್ಮ್ ಕೇಳುತ್ತಾರೆ, ಹೆದರಬೇಡಿ. ನಾಲ್ಕು ಜನರ ಟೀಮಿನಲ್ಲಿ ಮೂವರಿಗೆ ಪೂರ್ತಿ ಪಾಲು ಬಂದು ನಿಮಗೆ ಮಾತ್ರ ಕಡಿತ ಆಗಿ ಬರಬಹುದು. ಅದು ಗೊತ್ತಿಲ್ಲದೆ ನಾನು ಒಂದು ವಾರ ಟೀಮಿನವರ ಮೇಲೆ ಅನುಮಾನ ಪಟ್ಟೆ. ಈಗಲೂ ನಾಚಿಕೆ ಆಗುತ್ತೆ.

ಎಡವಟ್ಟಾಗುವುದು ಅದರ ನಂತರ. ಪ್ರಾಯೋಜಕರು ಬಂದು ‘ಪ್ರಾಜೆಕ್ಟ್ ಚೆನ್ನಾಗಿದೆ, ಎರಡು ತಿಂಗಳು ಮುಂದುವರಿಸಿ, ದುಡ್ಡು ಕೊಡ್ತೀವಿ’ ಅಂದರೆ ಅದು ಕೆಲಸ. ಎಫ್-1ನಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಹೊರಗೆ ಮಾಡಬೇಕಾದರೆ ಸಿಪಿಟಿ ಅಥವಾ ಒಪಿಟಿಯಂಥ (ಓದಿಗೆ ಸಂಬಂಧಿಸಿದ ಕೆಲಸಕ್ಕೆ ಕೊಡುವ) ಅನುಮತಿ ಬೇಕೇ ಬೇಕು. ‘ಆಯ್ತು’ ಅನ್ನುವ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿ.

ಪುಟ 404:
ಎಲ್ಲರೂ ಅಮೆರಿಕದಲ್ಲೇ ಇರುತ್ತಾರೆ ಅಂದುಕೊಳ್ಳಬೇಡಿ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಕೆಲಸ ಮಾಡಬಹುದು. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ, ಅಥವಾ 280 ಅರ್ಧ ದಿನ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶ ಇಲ್ಲ. ‘ನಮ್ಮ ಹ್ಯಾಕಥಾನ್ ಪ್ರಾಜೆಕ್ಟನ್ನೇ ಕಂಪನಿ ಮಾಡೋಣ’ ಅಂತ ಬೆಳಗಿನ ಜಾವ ಯಾರಾದರೂ ಅಂದರೆ ಅಲ್ಲಿ ಹುಷಾರು.

ಹಾಗೇ ಹ್ಯಾಕಥಾನ್‌ನ ನಿಯಮಪುಟ ಪೂರ್ತಿ ಓದು. ಯಾರು ಭಾಗವಹಿಸಬಹುದು, ಬರೆದ ಕೋಡ್ ಯಾರದು, ಎರಡೂ ಅಲ್ಲೇ ಇರುತ್ತೆ.

ಸೆಮಿಕೋಲನ್ ಸುಬ್ಬಿ:
ಪಾಪ, ನಾಲ್ಕು ಜನರ ಪರಿಚಯ ಕೇಳಿದವನಿಗೆ ನಾಲ್ಕು ದೇಶದ ವೀಸಾ ನಿಯಮ ಹೇಳಿದಿರಿ.

ಮೌನ ಮೋಡ್:
ಒಂದು ಕಹಿ ಅನುಭವ ಹೇಳಲಾ? ನಾನು ಸೇರಿದ ಟೀಮಿನಲ್ಲಿ ಉಳಿದ ಮೂವರು ಒಂದೇ ದೇಶದವರು. ಅರ್ಧ ಗಂಟೆ ಇಂಗ್ಲಿಷ್ ಆಡಿದರು, ಆಮೇಲೆ ತಮ್ಮ ಭಾಷೆಗೆ ಜಾರಿದರು. ನನ್ನ ಕಡೆ ತಿರುಗಿ ‘ನೀನು ಸ್ಲೈಡ್ಸ್ ಮಾಡು’ ಅಂದರು. ನಾನು ಟೀಮಿನಲ್ಲಿ ಒಬ್ಬಳೇ ಹುಡುಗಿ, ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಬರೆಯುವವಳು. ಸ್ಲೈಡ್ಸ್ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಕೋಪಕ್ಕೆ.

ಮರುವರ್ಷ ನಮ್ಮ ಭಾಷೆಯವರೇ ಮೂವರು ಸೇರಿ ಟೀಮ್ ಮಾಡಿದೆವು. ನಾಲ್ಕನೆಯವನಾಗಿ ಬೇರೆ ದೇಶದ ಹುಡುಗ ಬಂದ. ಮಧ್ಯರಾತ್ರಿ ನೋಡುತ್ತೇನೆ, ಅವನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾನೆ. ನಾವು ಮೂವರು ಎರಡು ಗಂಟೆ ಹೊತ್ತಿನಿಂದ ಕನ್ನಡದಲ್ಲೇ ಮಾತಾಡುತ್ತಿದ್ದೆವು.

ಬಾಗಿಲ ಬಳಿ:
ಇದು ಆಯೋಜಕರಿಗೂ ತಲೆನೋವೇ. ನಾವು ಹೊಸಬರಿಗೆ ಅಂತ ಬೇರೆ ಮೂಲೆ, ಬೇರೆ ಮೆಂಟರ್ ಇಟ್ಟೆವು. ಸ್ವಲ್ಪ ಕೆಲಸ ಮಾಡಿತು. ಪೂರ್ತಿ ಅಲ್ಲ.

ಲೂಪಿನೊಳಗೆ:
ಇದೆಲ್ಲ ಹಳೆಯ ಕಾಲದ ಮಾತು. ಈಗ ಎಐಗೆ ಹೇಳಿದರೆ ಕೋಡ್ ಬರೆದುಕೊಡುತ್ತೆ. 403 ಯಾಕೆ ಅಂತ ಪಕ್ಕದವನನ್ನು ಯಾರು ಕೇಳ್ತಾರೆ? ಹೋದ ತಿಂಗಳು ನಾನು ಹೋದ ಕಡೆ ಹಾಲ್‌ನಲ್ಲಿ ಇನ್ನೂರು ಜನ, ಲೈಬ್ರರಿಯಷ್ಟು ನಿಶ್ಶಬ್ದ. ಎಲ್ಲರೂ ತಮ್ಮ ತಮ್ಮ ಚಾಟ್‌ಬಾಟ್ ಜೊತೆ. ಸುಬ್ಬಿ ಅವರ ‘ಮಾತು ತಾನೇ ಬರುತ್ತೆ’ ಸಿದ್ಧಾಂತ ಅಲ್ಲಿಗೆ ಮುಗೀತು.

ಸೆಮಿಕೋಲನ್ ಸುಬ್ಬಿ:
ಸ್ವಲ್ಪ ಒಪ್ಪುತ್ತೇನೆ, ಬೇಜಾರಿನಿಂದ. ಆದರೆ ಏನು ಮಾಡಬೇಕು ಅನ್ನುವ ಜಗಳ ಹೋಗಿಲ್ಲ. ಕೋಡ್ ಬೇಗ ಬಂದರೆ ಜಗಳಕ್ಕೆ ಜಾಸ್ತಿ ಹೊತ್ತು ಸಿಗುತ್ತೆ.

ಕರ್ನಲ್ ಪ್ಯಾನಿಕ್:
ಅದಕ್ಕೇ ಹಾರ್ಡ್‌ವೇರ್ ಪ್ರಾಜೆಕ್ಟ್ ಮಾಡಿ ಅಂತೀನಿ. ವೈರ್ ಸಡಿಲ ಆದರೆ ಚಾಟ್‌ಬಾಟ್ ಬಂದು ಒತ್ತಿ ಹಿಡಿಯುವುದಿಲ್ಲ.

ಅರ್ಧ ಬೈಟ್:
ಹ್ಯಾಕಥಾನ್ ಒಂದೇ ದಾರಿ ಅಲ್ಲ. ಕಾಲೇಜುಗಳ ಪ್ರೋಗ್ರಾಮಿಂಗ್ ಸ್ಪರ್ಧೆ ಐಸಿಪಿಸಿ ನೋಡಿ: ಮೂರು ಜನ, ಐದು ಗಂಟೆ, ಒಂದೇ ಕಂಪ್ಯೂಟರ್. ಒಬ್ಬ ಟೈಪ್ ಮಾಡುವಾಗ ಇಬ್ಬರು ಕಾಗದದ ಮೇಲೆ ಒಟ್ಟಿಗೆ ತಲೆ ಕೆಡಿಸಿಕೊಳ್ಳಲೇಬೇಕು. ಅಭ್ಯಾಸಕ್ಕೆ ವಾರ ವಾರ ಸೇರಬೇಕು. ಅಲ್ಗಾರಿದಮ್ ಇಷ್ಟ ಇಲ್ಲದವರಿಗೆ ಗ್ಲೋಬಲ್ ಗೇಮ್ ಜಾಮ್ ಇದೆ, ಸೇರಿ ಗೇಮ್ ಮಾಡುವುದು. 2009ರಿಂದ ಜನವರಿ ಕೊನೆಯ ಹೊತ್ತಿಗೆ ನಡೆಯುತ್ತೆ. ಅಲ್ಲಿ ಚಿತ್ರ ಬಿಡಿಸುವವರು, ಸಂಗೀತದವರು ಎಲ್ಲ ಬರುತ್ತಾರೆ. ನನ್ನ ಮಟ್ಟಿಗೆ ಹ್ಯಾಕಥಾನ್‌ಗಿಂತ ಅಲ್ಲಿನ ಜನ ಹಗುರ. ನಾಸಾದ ಸ್ಪೇಸ್ ಆ್ಯಪ್ಸ್ ಚಾಲೆಂಜ್ ಕೂಡ 2012ರಿಂದ ಇದೆ, ಬೇಕಾದಷ್ಟು ದೇಶಗಳಲ್ಲಿ ಒಟ್ಟಿಗೇ ನಡೆಯುತ್ತೆ.

ನಿದ್ದೆಗೆಟ್ಟವನು:
ಏನೇ ಮಾಡು, ಮಲಗು. ನನ್ನ ಹೆಸರು ನೋಡು. 30ನೇ ಗಂಟೆಗೆ ನಾನು ಎಪಿಐ ಕೀ (ಪಾಸ್‌ವರ್ಡ್ ಇದ್ದಂತೆ) ಸಮೇತ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದವನು.

ಹಳೇ ಕೀಬೋರ್ಡ್:
ಮೂಲೆಬೆಂಚು, ಹೋಗಿ ಬನ್ನಿ. ನಾನು ಬೇಡ ಅನ್ನುವುದಿಲ್ಲ. ಆದರೆ ಭಾನುವಾರ ರಾತ್ರಿ ಬಂದು ‘ಅದ್ಭುತ!’ ಅಂತ ಇಲ್ಲಿ ಬರೆಯಬೇಡಿ. ಭಾನುವಾರ ರಾತ್ರಿ ಎಲ್ಲರಿಗೂ ಅದ್ಭುತವೇ. ಒಂದು ತಿಂಗಳು ಬಿಟ್ಟು ಬರೆಯಿರಿ.

ಮೂಲೆಬೆಂಚು:
ಆಯ್ತು ಸಾರ್. ಒಂದು ತಿಂಗಳು.

ಮೂಲೆಬೆಂಚು:
ಐದು ವಾರ ಆಯಿತು. ಮರೆತಿರಲಿಲ್ಲ.

ಟೀಮ್ ಸೆಷನ್‌ನಲ್ಲಿ ನಾನೂ ಗೋಡೆಗೆ ಒರಗಿದೆ. ಸುಬ್ಬಿ ಅವರ ಲಾಕ್ ಸ್ಕ್ರೀನ್ ನೆನಪಾಗಿ ಫೋನ್ ಜೇಬಿಗೆ ಹಾಕಿದೆ. ಪಕ್ಕದಲ್ಲಿ ಇನ್ನೊಬ್ಬ ಅದೇ ಗೋಡೆಗೆ ಒರಗಿದ್ದ. ‘ಟೀಮ್ ಇದೆಯಾ?’ ಅಂದೆ. ಅವನು ‘ಏನಂದ್ರಿ?’ ಅಂದ. ಎರಡು ಸಲ. ಮೂರನೇ ಸಲವೂ ಹೇಳಿದೆ. ಆಮೇಲೆ ಗೊತ್ತಾಯಿತು, ಅವನ ಕಿವಿಯಲ್ಲಿ ಇಯರ್‌ಬಡ್ ಇತ್ತು.

ಇಬ್ಬರಾದೆವು, ಆಮೇಲೆ ಮೂವರು. ನಾಲ್ಕನೆಯವರು ಸಿಗಲಿಲ್ಲ. ಲೈಬ್ರರಿಯಲ್ಲಿ ಯಾವ ಸೀಟು ಖಾಲಿ ಅಂತ ತೋರಿಸುವ ಸಾಧನ ಮಾಡಲು ಹೊರಟೆವು. ಮೇಜಿನ ಕೆಳಗೆ ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಎಚ್‌ಸಿ-ಎಸ್‌ಆರ್04, ಅದಕ್ಕೆ ರಾಸ್ಪ್‌ಬೆರಿ ಪೈ. ನಾನು ನೇರ ವೈರ್ ಸಿಕ್ಕಿಸಲು ಹೊರಟಿದ್ದೆ. ಪಕ್ಕದ ಟೇಬಲ್‌ನಿಂದ ಒಬ್ಬಳು ‘ನಿಲ್ಲು!’ ಅಂತ ಕೂಗಿದಳು. ಆ ಸೆನ್ಸರ್‌ನ ಎಕೋ ಪಿನ್ 5 ವೋಲ್ಟ್ ಕೊಡುತ್ತೆ, ಪೈನ ಪಿನ್ ತಡೆಯುವುದು 3.3. ಹಾಗೇ ಸಿಕ್ಕಿಸಿದ್ದರೆ ಪೈ ಸುಡಬಹುದಿತ್ತು. ಅವಳೇ 1 ಕಿಲೋ ಓಮ್, 2 ಕಿಲೋ ಓಮ್‌ನ ಎರಡು ರೆಸಿಸ್ಟರ್ ತಂದು ವೋಲ್ಟೇಜ್ ಇಳಿಸಿ ಕೊಟ್ಟಳು. ತನ್ನ ಟೀಮಿನ ಕೆಲಸ ಬಿಟ್ಟು ಒಂದು ಗಂಟೆ ನಮ್ಮ ಜೊತೆ ಕೂತಳು. ಕರ್ನಲ್ ಪ್ಯಾನಿಕ್ ಅವರೇ, ನಿಮ್ಮ ಮಾತು ನಿಜ.

ಡೆಮೊ ಮೂರು ನಿಮಿಷ. ಖಾಲಿ ಕುರ್ಚಿಯನ್ನು ನಮ್ಮ ಸಾಧನ ‘ಭರ್ತಿ’ ಅಂತ ತೋರಿಸಿತು. ಕುರ್ಚಿ ಮೇಲೆ ನನ್ನ ಬ್ಯಾಗ್ ಇತ್ತು. ಸೆನ್ಸರ್‌ಗೆ ಬ್ಯಾಗೂ ಒಂದೇ, ಮನುಷ್ಯನೂ ಒಂದೇ. ತೀರ್ಪುಗಾರರು ‘ಲೈಬ್ರರಿಯಲ್ಲಿ ನಿಜವಾದ ಸಮಸ್ಯೆಯೂ ಇದೇ ಅಲ್ವಾ, ಬ್ಯಾಗ್ ಇಟ್ಟು ಹೋಗುವವರು?’ ಅಂತ ನಕ್ಕರು. ಬಹುಮಾನ ಇಲ್ಲ. ಚಿಟ್ಟೆಬಲೆ ಅವರ ಶೇ 30 ಉಳಿಯಿತು.

ಈಗ ಕೀಬೋರ್ಡ್ ಸಾರ್ ಕೇಳಿದ್ದಕ್ಕೆ. ನಮ್ಮ ಮೂವರಲ್ಲಿ ಒಬ್ಬ ಮೆಸೇಜಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ. ಗ್ರೂಪ್ ಅರ್ಧ ಸತ್ತಿದೆ. ಆದರೆ ಆ ಇಯರ್‌ಬಡ್ ಹುಡುಗ, ರೆಸಿಸ್ಟರ್ ಹುಡುಗಿ, ನಾನು ಪ್ರತಿ ಬುಧವಾರ ಸಂಜೆ ಲ್ಯಾಬ್‌ನಲ್ಲಿ ಸೇರುತ್ತೇವೆ. ಅವಳ ಟೀಮಿನ ಇನ್ನಿಬ್ಬರೂ ಕೆಲವೊಮ್ಮೆ ಬರುತ್ತಾರೆ. ಬ್ಯಾಗ್ ಯಾವುದು, ಮನುಷ್ಯ ಯಾವುದು ಅಂತ ಗುರುತಿಸುವ ಪ್ರಯತ್ನ ನಡೀತಿದೆ. ಕಳೆದ ಬುಧವಾರ ನಾನು ಜ್ವರ ಬಂದು ಹೋಗಲಿಲ್ಲ. ರೂಮಿಗೆ ಬಂದು ಬಾಗಿಲು ಬಡಿದರು. ಹಗಲು ಮಲಗುವ ರೂಮ್‌ಮೇಟ್ ಎದ್ದು ಬೈದ, ಈಗ ಅವನೂ ಬುಧವಾರ ಬರ್ತಾನಂತೆ.

ಬಾಗಿಲ ಬಳಿ:
ಮುಂದಿನ ಸಲ ಹಾರ್ಡ್‌ವೇರ್ ಮೇಜಿಗೆ ಹೆಸರು ಕೊಟ್ಟೆಯಾ?

ಮೂಲೆಬೆಂಚು:
ಕೊಟ್ಟೆ. ರೆಸಿಸ್ಟರ್ ಡಬ್ಬಿಯ ಜವಾಬ್ದಾರಿ ನನ್ನದು.

ಹಳೇ ಕೀಬೋರ್ಡ್:
ಐದು ವಾರ. ಸರಿ, ಒಪ್ಪಿದೆ. ಆದರೂ ಅದು ಬುಧವಾರದ ಗುಣ, ಹ್ಯಾಕಥಾನ್‌ನದ್ದಲ್ಲ.

ಸೆಮಿಕೋಲನ್ ಸುಬ್ಬಿ:
ಬುಧವಾರಕ್ಕೆ ಆ ಹುಡುಗಿಯನ್ನು ಕರೆತಂದಿದ್ದು ಯಾವುದು ಸಾರ್?

ಹಳೇ ಕೀಬೋರ್ಡ್:
ಎರಡು ರೆಸಿಸ್ಟರ್.

ಲೂಪಿನೊಳಗೆ:
ಅಂದಹಾಗೆ ಖಾಲಿ ಸೀಟಿನ ಪಟ್ಟಿ ಲೈಬ್ರರಿಯ ಸರ್ವರ್‌ಗೆ ಹೋಗುತ್ತಾ? ಅದು ಕೆಲಸ ಮಾಡ್ತಿದೆಯಾ?

ಮೂಲೆಬೆಂಚು:
ಇಲ್ಲ. 403 ಕೊಡ್ತಿದೆ. ಯಾಕೆ ಅಂತ ಯಾರಿಗಾದರೂ ಗೊತ್ತಾ?